ನಾಟಿಕೋಳಿ ಸಾರಿಗೆ ಯಾವ ವೈನ್? ಈಚೆಗೆ ಇಷ್ಟವಾದ ಕೆಲವು ಬಾಟಲಿಗಳು

ಈಚೆಗೆ ಕುಡಿದ ವೈನುಗಳಲ್ಲಿ ಮತ್ತೆ ದುಡ್ಡು ಕೊಟ್ಟು ತರಬೇಕು ಅನ್ನಿಸಿದವು ಯಾವುವು ಅಂತ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಳತೆ ಒಂದೇ: ನಮ್ಮ ಊಟದ ಜೊತೆ ಆ ಬಾಟಲಿ ನಿಲ್ಲುತ್ತದೋ ಇಲ್ಲವೋ. ಸುಮ್ನೆ ಗ್ಲಾಸಿನಲ್ಲಿ ಮೂಸಿದಾಗ ಘಮ್ಮೆಂದು, ಹುಣಸೆಹುಳಿ ಮತ್ತು ಖಾರ ನಾಲಿಗೆಗೆ ಬಿದ್ದ ಮೇಲೆ ಸಪ್ಪೆಯಾಗುವ ವೈನು ಎಷ್ಟೇ ಹೆಸರು ಮಾಡಿದ್ದರೂ ನನಗೆ ಬೇಡ. ನಾವು ಕೆಲವು ಗೆಳೆಯರು ಆಗಾಗ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಅಡುಗೆ ಆ ಮನೆಯವರದು, ಬಾಟಲಿ ಬಂದವರದು. ಅಡುಗೆ ಅಂದರೆ ಮುದ್ದೆ, ಸಾರು, ಮೀನು, ಎಣ್ಣೆಗಾಯಿ, ಗೊಜ್ಜು, ಅವತ್ತು ಯಾರಿಗೆ ಏನು ಚೆನ್ನಾಗಿ ಬರುತ್ತದೋ ಅದು. ಹಾಗಾಗಿ ಇಲ್ಲಿ ಹೇಳುವುದೆಲ್ಲ ತಟ್ಟೆ ಮುಂದೆ ಕೂತು ರುಚಿ ನೋಡಿದ್ದು.

ಈ ಸಲ ಎಲ್ಲಕ್ಕಿಂತ ಮೇಲೆ ನಿಂತದ್ದು ಸಾಂಜೊವೇಸೆ. ಇಟಲಿಯ ಟಸ್ಕನಿ ಕಡೆಯ ಕೆಂಪು ದ್ರಾಕ್ಷಿ ಇದು, ಕಿಯಾಂಟಿ ವೈನು ಆಗುವುದು ಮುಖ್ಯವಾಗಿ ಇದರಿಂದಲೇ. ನಮ್ಮಲ್ಲಿ ಇದನ್ನು ಬೆಳೆಸಿ ಚೆನ್ನಾಗಿ ಮಾಡುತ್ತಿರುವವರಲ್ಲಿ ಕೃಸ್ಮಾ ಎಸ್ಟೇಟ್ಸ್‌ನವರು ಒಬ್ಬರು. ಅವರ ತೋಟ ಇರುವುದು ಕೊಪ್ಪಳ ಜಿಲ್ಲೆಯ ಹನುಮಸಾಗರದ ಹತ್ತಿರ. ಮಳೆ ಕಡಿಮೆ, ಕೆಂಪು ಮಣ್ಣು, ಬಂಡೆಗಲ್ಲಿನ ಸೀಮೆ. ಅಲ್ಲಿ ವೈನು ದ್ರಾಕ್ಷಿ ಬೆಳೆಯಬಹುದು ಅಂತ ಮೊದಲು ನಂಬಿದವರ ಧೈರ್ಯ ದೊಡ್ಡದು. ತೋಟದ ಒಡೆಯರು ಕೃಷ್ಣ ಪ್ರಸಾದ್ ಚಿಗುರುಪಾಟಿ ಮತ್ತು ಉಮಾ ಚಿಗುರುಪಾಟಿ. ಗಂಡ ಹೆಂಡತಿ ಇಬ್ಬರೂ ಏಳೂ ಖಂಡಗಳಲ್ಲಿ ಮ್ಯಾರಥಾನ್ ಓಡಿದವರು. ಆ ಪಟ್ಟು ಅವರ ವೈನಿನಲ್ಲೂ ಇದೆ ಅಂತ ನನಗೆ ಅನ್ನಿಸುತ್ತದೆ.

ಕೃಸ್ಮಾ ಸಾಂಜೊವೇಸೆಯ ಬಣ್ಣ ತೀರಾ ಗಾಢವಲ್ಲ. ಗ್ಲಾಸನ್ನು ಓರೆ ಮಾಡಿ ಬಿಳಿ ಕಾಗದದ ಮೇಲೆ ಹಿಡಿದರೆ ಅಂಚು ಮಾಣಿಕ್ಯದ ಬಣ್ಣಕ್ಕೆ ತಿರುಗುತ್ತದೆ. ಮೂಗಿಗೆ ಮೊದಲು ಬರುವುದು ಹುಳಿ ಚೆರ್ರಿ, ಆಮೇಲೆ ಒಣಗಿದ ಸೊಪ್ಪಿನ ವಾಸನೆ, ಸ್ವಲ್ಪ ಮಣ್ಣು. ಬಾಯಲ್ಲಿ ಹುಳಿ ಚುರುಕಾಗಿದೆ, ಒಗರು ಹದವಾಗಿದೆ. ಈ ಹುಳಿಯೇ ನಮಗೆ ಬೇಕಾದ್ದು. ಊಟದಲ್ಲಿ ಹುಣಸೆಹಣ್ಣು, ಟೊಮೆಟೊ, ನಿಂಬೆ ಇದ್ದಾಗ ವೈನಿನಲ್ಲೂ ಅಷ್ಟೇ ಹುಳಿ ಇರಬೇಕು. ಇಲ್ಲದಿದ್ದರೆ ಊಟದ ಹುಳಿ ವೈನನ್ನು ನುಂಗಿಬಿಡುತ್ತದೆ, ಬಾಯಲ್ಲಿ ಉಳಿಯುವುದು ಬರೀ ಆಲ್ಕೋಹಾಲಿನ ಬಿಸಿ. ಇದನ್ನು ಕೊಡಗಿನ ಗೆಳತಿಯೊಬ್ಬಳು ಮಾಡಿದ ಪಂದಿಕರಿ ಜೊತೆ ಕುಡಿದೆವು. ಕಾಚಂಪುಳಿಯ ಗಾಢ ಹುಳಿ, ಹುರಿದ ಮಸಾಲೆಯ ಕಪ್ಪು, ಹಂದಿಯ ಕೊಬ್ಬು, ಇಷ್ಟನ್ನೂ ಆ ವೈನು ಆರಾಮಾಗಿ ಎದುರಿಸಿತು. ಒಂದು ತುತ್ತು, ಒಂದು ಗುಟುಕು, ಬಾಯಿ ಮತ್ತೆ ಹೊಸದಾಗುತ್ತದೆ. ಕೊಬ್ಬಿನ ಜಿಡ್ಡನ್ನು ಒಗರು ತೊಳೆಯುತ್ತದೆ, ಹುಳಿಗೆ ಹುಳಿ ಜೊತೆಯಾಗುತ್ತದೆ. ಅವತ್ತು ಟೇಬಲ್ ಮೇಲೆ ಹೊರದೇಶದ ದುಬಾರಿ ಮರ್ಲೋ ಕೂಡ ಇತ್ತು, ಮೆತ್ತಗಿನ ಒಳ್ಳೆಯ ವೈನು, ಆದರೆ ಮೊದಲು ಖಾಲಿಯಾದದ್ದು ಕೊಪ್ಪಳದ್ದೇ. ಬೆಲೆ ಜಾಸ್ತಿ, ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಸಿಕ್ಕರೆ ಬಿಡಬೇಡಿ.

ಇದೇ ದ್ರಾಕ್ಷಿಯನ್ನು ಕಾಬರ್ನೆ ಸೊವಿನ್ಯೊಂ ಅನ್ನುವ ಇನ್ನೊಂದು ಕೆಂಪು ದ್ರಾಕ್ಷಿಯ ಜೊತೆ ಬೆರೆಸಿ ಮಾಡಿದ್ದು ಫ್ರಾಟೆಲ್ಲಿಯವರ ಸೆಟ್ಟೆ. ಫ್ರಾಟೆಲ್ಲಿ ಇರುವುದು ಸೋಲಾಪುರ ಜಿಲ್ಲೆಯ ಅಕ್ಲೂಜ್‌ನಲ್ಲಿ. ಇಟಲಿಯ ಸೆಕ್ಕಿ, ದೆಹಲಿಯ ಸೆಖ್ರಿ, ಅಕ್ಲೂಜ್‌ನ ಮೋಹಿತೆ ಪಾಟೀಲ್ ಹೀಗೆ ಮೂರು ಮನೆತನಗಳ ಅಣ್ಣತಮ್ಮಂದಿರು ಸೇರಿ ಕಟ್ಟಿದ ಕಂಪನಿ, ವೈನು ಮಾಡಿಸಿದವರು ಟಸ್ಕನಿಯ ಪಿಯೆರೊ ಮಾಸಿ. ಸೆಟ್ಟೆ ಇನ್ನೂ ತೂಕದ ವೈನು. ಓಕ್ ಮರದ ಪೀಪಾಯಿಯಲ್ಲಿ ಇಟ್ಟಿರುವುದರಿಂದ ಸುಟ್ಟ ಮರ, ಕಾಫಿಪುಡಿ, ಲವಂಗದ ಛಾಯೆ ಬರುತ್ತದೆ. ಇದನ್ನು ತೆರೆದ ತಕ್ಷಣ ಕುಡಿಯಬಾರದು. ಅಗಲ ಬಾಯಿಯ ಜಗ್ಗಿಗೆ ಸುರಿದು ಮುಕ್ಕಾಲು ಗಂಟೆ ಬಿಡಿ, ಆಗ ಒಗರು ಸಡಿಲವಾಗುತ್ತದೆ. ನಾವು ಇದನ್ನು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಜೊತೆ ಇಟ್ಟೆವು. ಮಾಂಸವಿಲ್ಲದ ಊಟಕ್ಕೆ ಇಷ್ಟು ಗಟ್ಟಿ ವೈನು ಹೊಂದುತ್ತದಾ ಅಂತ ಒಬ್ಬರು ಅನುಮಾನಪಟ್ಟರು. ಶೇಂಗಾ, ಎಳ್ಳು, ಗುರೆಳ್ಳಿನ ಎಣ್ಣೆಯಂಶ ಇದೆಯಲ್ಲ, ಅದು ಮಾಂಸದ ಕೊಬ್ಬಿನ ಕೆಲಸವನ್ನೇ ಮಾಡುತ್ತದೆ. ಉತ್ತರ ಕರ್ನಾಟಕದ ಊಟಕ್ಕೆ ಒಗರಿನ ಕೆಂಪು ವೈನು ಹೊಂದುತ್ತದೆ ಅಂತ ನಾನು ಈಗ ಗಟ್ಟಿಯಾಗಿ ಹೇಳಬಲ್ಲೆ.

ಇನ್ನು ನಂದಿ ಬೆಟ್ಟದ ಬುಡದ್ದು. ಗ್ರೋವರ್ ಜಂಪಾ ಕಂಪನಿಯ ಲಾ ರಿಸರ್ವ್ ವೈನಿನ ಬಗ್ಗೆ ಗೊತ್ತಿಲ್ಲದವರು ಕಡಿಮೆ. ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರನ್ನು ಕರೆತಂದು ದೇಶದ ಹಲವು ಕಡೆ ಮಣ್ಣು, ಹವೆ ನೋಡಿ, ಕೊನೆಗೆ ಆರಿಸಿಕೊಂಡದ್ದು ನಮ್ಮ ದೊಡ್ಡಬಳ್ಳಾಪುರದ ಕಡೆಯ ನೆಲವನ್ನು. ಕಂಪನಿ ಶುರುವಾದದ್ದು 1988ರಲ್ಲಿ. ಆಮೇಲೆ ಫ್ರಾನ್ಸಿನದೇ ಬೋರ್ಡೊ ಸೀಮೆಯ ಮಿಶೆಲ್ ರೋಲಾನ್ ಸಲಹೆಗಾರರಾಗಿ ಬಂದರು. ಇಲ್ಲಿನ ಎತ್ತರ ಸುಮಾರು 900 ಮೀಟರ್, ಹಗಲು ಬಿಸಿಲು, ರಾತ್ರಿ ತಂಪು. ವೈನು ದ್ರಾಕ್ಷಿಗೆ ಈ ವ್ಯತ್ಯಾಸ ಬೇಕು. ಹಗಲಲ್ಲಿ ಸಿಹಿ ಕಟ್ಟಿದರೆ ರಾತ್ರಿಯ ತಂಪು ಹುಳಿಯನ್ನು ಕಾಪಾಡುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಯೂರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆಗೆ ಹೋಗುತ್ತದೆ. ನಮ್ಮಲ್ಲಿ ಅಷ್ಟು ಚಳಿ ಇಲ್ಲ, ಬಳ್ಳಿ ವರ್ಷವಿಡೀ ಹಸಿರು. ಬಿಟ್ಟರೆ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಒಳ್ಳೆಯ ವೈನು ಮಾಡುವವರು ಬೇಸಗೆಯಲ್ಲಿ ಒಂದು ಸಲ, ಮಳೆ ಕಡಿಮೆಯಾಗುವಾಗ ಇನ್ನೊಂದು ಸಲ ಚಾಟನಿ ಮಾಡುತ್ತಾರೆ, ಅಂದರೆ ಬಳ್ಳಿಯ ಕೊಂಬೆ ಕತ್ತರಿಸುತ್ತಾರೆ, ಆದರೆ ಕೊಯ್ಯುವುದು ಒಂದೇ ಬೆಳೆ, ಫೆಬ್ರುವರಿ ಮಾರ್ಚ್ ಹೊತ್ತಿಗೆ. ಅರ್ಧ ಫಸಲನ್ನು ಬೇಕೆಂದೇ ಬಿಟ್ಟುಕೊಡುವ ಈ ಬೇಸಾಯದ ಖರ್ಚು ಬಾಟಲಿ ಬೆಲೆಯಲ್ಲಿ ಸೇರಿರುತ್ತದೆ. ಲೋಕಲ್ ವೈನಿಗೆ ಯಾಕಿಷ್ಟು ರೇಟು ಅಂತ ಕೇಳುವವರು ಇದನ್ನೂ ಲೆಕ್ಕಕ್ಕೆ ತಗೋಬೇಕು.

ಲಾ ರಿಸರ್ವ್ ಕೆಂಪು ವೈನು ಕಾಬರ್ನೆ ಸೊವಿನ್ಯೊಂ ಮತ್ತು ಶಿರಾಜ್ ಬೆರಕೆ. ಕಾಬರ್ನೆ ಜಾಸ್ತಿ, ಹಾಗಾಗಿ ದಪ್ಪ ಮೆಣಸಿನಕಾಯಿಯ ಹಸಿರು ವಾಸನೆ, ನೇರಳೆ ಹಣ್ಣಿನ ಕಪ್ಪು, ಕೊನೆಗೆ ಶಿರಾಜ್‌ನ ಕರಿಮೆಣಸು. ಈ ಕರಿಮೆಣಸಿನ ಘಮ ಬರೀ ನಮ್ಮ ಕಲ್ಪನೆಯಲ್ಲ. ರೊಟಂಡೋನ್ ಅನ್ನುವ ಅಂಶವೊಂದು ಶಿರಾಜ್ ಸಿಪ್ಪೆಯಲ್ಲೂ ಇದೆ, ಕರಿಮೆಣಸಿನಲ್ಲೂ ಇದೆ, ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಅದನ್ನು ಗುರುತಿಸಿದರು. ಹಾಗಾಗಿ ಮಟನ್ ಪೆಪ್ಪರ್ ಫ್ರೈ ಮತ್ತು ಶಿರಾಜ್ ಜೋಡಿ ಯಾಕೆ ಅಷ್ಟು ಚೆನ್ನಾಗಿ ಕೂಡುತ್ತದೆ ಅಂತ ಹುಡುಕಬೇಕಾಗಿಲ್ಲ. ನಾನು ಲಾ ರಿಸರ್ವ್ ಇಟ್ಟದ್ದು ನಾಟಿಕೋಳಿ ಸಾರು, ರಾಗಿಮುದ್ದೆ ಜೊತೆ. ಇಲ್ಲಿ ಒಂದು ಮಾತು ಮುಖ್ಯ. ಸಾರಿನ ಖಾರ ಹಸಿಮೆಣಸಿನದ್ದಾದರೆ ಈ ವೈನು ಬೇಡ, ಒಗರು ಮತ್ತು ಆಲ್ಕೋಹಾಲು ಎರಡೂ ಸೇರಿ ಬಾಯಿ ಉರಿಯುತ್ತದೆ. ಧನಿಯ, ಚಕ್ಕೆ, ಲವಂಗ, ಮೆಣಸು ಮುಂದಿರುವ ಹದವಾದ ಖಾರದ ಸಾರಿಗೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ. ಮುದ್ದೆಗೆ ತನ್ನದೇ ಜೋರು ರುಚಿ ಇಲ್ಲದ್ದು ಒಳ್ಳೆಯದೇ ಆಯಿತು, ಸಾರು ಮತ್ತು ವೈನು ಮಾತಾಡಿಕೊಳ್ಳಲು ಜಾಗ ಬಿಡುತ್ತದೆ.

ಬಿಳಿ ವೈನಿಗೆ ಬರೋಣ. ಖಾರದ ಊಟಕ್ಕೆ ಕೆಂಪಿಗಿಂತ ಬಿಳಿಯೇ ಜಾಸ್ತಿ ಹೊಂದುತ್ತದೆ, ಆದರೂ ನಮ್ಮಲ್ಲಿ ಬಿಳಿ ವೈನು ತಂದರೆ ಹೆಂಗಸರಿಗಾ ಅಂತ ಕೇಳುವವರು ಇನ್ನೂ ಇದ್ದಾರೆ. ಈ ಮಾತು ಕೇಳಿದರೆ ನನಗೆ ಬೇಜಾರಾಗುತ್ತದೆ. ವೈನಿಗೆ ಗಂಡು ಹೆಣ್ಣಿಲ್ಲ, ಹೆಂಗಸರಿಗೆ ಇದು ಗಂಡಸರಿಗೆ ಅದು ಅಂತ ದ್ರಾಕ್ಷಿ ಬೆಳೆಯುವುದೂ ಇಲ್ಲ.

ನಾಸಿಕ್‌ನ ಸುಲಾ ಕಂಪನಿಯ ಶೆನಿನ್ ಬ್ಲಾಂಕ್ ಎಲ್ಲ ಕಡೆ ಸಿಗುವ, ಬೆಲೆಯೂ ಹದವಾಗಿರುವ ಬಾಟಲಿ. ತುಸು ಸಿಹಿ ಉಳಿಸಿರುತ್ತಾರೆ. ವೈನು ಬಲ್ಲವರು ಅನ್ನಿಸಿಕೊಂಡವರು ಈ ಸಿಹಿಯನ್ನು ಕಂಡು ಮೂಗು ಮುರಿಯುವುದುಂಟು. ನಾನು ಅವರಿಗೆ ಹೇಳುವುದಿಷ್ಟೇ, ಬಂಗುಡೆ ಪುಳಿಮುಂಚಿ ಮಾಡಿ, ಇದನ್ನು ಚೆನ್ನಾಗಿ ತಣ್ಣಗೆ ಮಾಡಿ, ಎರಡನ್ನೂ ಒಟ್ಟಿಗೆ ಇಡಿ. ಖಾರವನ್ನು ಇಳಿಸುವುದು ಸಿಹಿ. ಪೂರಾ ಒಣ ವೈನು, ಅಂದರೆ ಸಿಹಿ ಉಳಿಸದ್ದು, ಖಾರದ ಎದುರು ಇನ್ನಷ್ಟು ಚೂಪಾಗುತ್ತದೆ, ಸ್ವಲ್ಪ ಸಿಹಿ ಇರುವುದು ಖಾರವನ್ನು ಮೆತ್ತಗೆ ಮಾಡಿ ಹುಳಿಯನ್ನು ಮುಂದೆ ತರುತ್ತದೆ. ಕುಂದಾಪುರದ ಕಡೆಯ ಚಿಕನ್ ಘೀ ರೋಸ್ಟ್‌ಗೂ ಇದೇ ಸರಿ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಜಾಸ್ತಿ ಕೊಟ್ಟು ಖಾರ ಕಡಿಮೆ ಕೊಡುವುದರಿಂದ ಈ ಜೋಡಿ ಇನ್ನೂ ಸುಲಭ. ಅನಾನಸ್ ಗೊಜ್ಜಿನ ಜೊತೆಗೂ ನೋಡಿದೆವು. ಸಿಹಿ, ಹುಳಿ, ಖಾರ, ಎಳ್ಳು ಎಲ್ಲ ಇರುವ ಆ ಗೊಜ್ಜಿಗೆ ಯಾವ ವೈನೂ ಹೊಂದುವುದಿಲ್ಲ ಅಂತ ನಾನು ಅಂದುಕೊಂಡಿದ್ದೆ. ಇದು ಹೊಂದಿತು, ಅದೂ ಎಷ್ಟು ಚೆನ್ನಾಗಿ ಅಂದರೆ ಅನ್ನ ಬಿಟ್ಟು ಬರೀ ಗೊಜ್ಜು ಮತ್ತು ವೈನು ಖಾಲಿಯಾದವು.

ಸುಲಾದವರದೇ ಇನ್ನೊಂದು ಬಿಳಿ ವೈನು ಸೊವಿನ್ಯೊಂ ಬ್ಲಾಂಕ್ ಪೂರಾ ಒಣ. ಹಸಿ ಹುಲ್ಲು, ನಿಂಬೆ, ಹಸಿರು ಮೆಣಸಿನಕಾಯಿ. ಕೊತ್ತಂಬರಿ ಪುದೀನ ಹಾಕಿದ ಹಸಿರು ಮಸಾಲೆಯ ಕೋಳಿಗೆ, ಅಂಜಲ್ ರವಾ ಫ್ರೈಗೆ ಚೆನ್ನಾಗಿದೆ. ಮೀನಿನ ಮೇಲೆ ನಿಂಬೆ ಹಿಂಡುವುದೇ ಬೇಡ.

ಗ್ರೋವರ್‌ನ ವಿಯೋನ್ಯೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೂವಿನ ಘಮದ ದ್ರಾಕ್ಷಿ ಇದು, ಮಲ್ಲಿಗೆ, ಪೀಚ್, ಸ್ವಲ್ಪ ಶುಂಠಿ. ಹುಳಿ ಕಡಿಮೆ, ಮೈ ದುಂಡು. ಹಾಗಾಗಿ ಪುಳಿಮುಂಚಿ ಎದುರು ಇದು ಸೋಲುತ್ತದೆ. ತೆಂಗಿನಹಾಲು ಹಾಕಿದ ಅಡುಗೆಯ ಎದುರು ಗೆಲ್ಲುತ್ತದೆ. ನೀರುದೋಸೆ ಮತ್ತು ತೆಂಗಿನಹಾಲಿನ ಸಿಗಡಿ ಗಸಿ ಇದ್ದ ರಾತ್ರಿ ಇದೊಂದೇ ಸಾಕಾಯಿತು. ತೆಂಗಿನ ಸಿಹಿ ಮತ್ತು ವೈನಿನ ಹೂವು ಎರಡೂ ಒಂದೇ ಕಡೆಯಿಂದ ಬಂದವೇನೋ ಅನ್ನಿಸಿತು. ಕರಾವಳಿಯವರು ಈ ಬಾಟಲಿಯನ್ನು ಒಮ್ಮೆಯಾದರೂ ತರಬೇಕು, ದಯವಿಟ್ಟು.

ಗುಳ್ಳೆಯ ವೈನಿನಲ್ಲಿ ನಾಸಿಕ್ ಕಡೆ ದಿಂಡೋರಿಯಲ್ಲಿ ಮಾಡುವ ಶಾಂಡೋನ್ ಬ್ರೂಟ್. ಬಾಟಲಿಯೊಳಗೇ ಎರಡನೇ ಸಲ ಹುದುಗು ಬರಿಸಿ ಮಾಡಿದ್ದು. ಮದ್ದೂರು ವಡೆ, ಈರುಳ್ಳಿ ಬಜ್ಜಿ, ಬಾಳಕದ ಮೆಣಸಿನಕಾಯಿ, ಅಂದರೆ ಕರಿದದ್ದು ಯಾವುದೇ ಇರಲಿ, ಇದು ನಡೆಯುತ್ತದೆ. ಮಳೆ ಬರುವಾಗ ಚಹಾ ಬದಲು ಒಂದು ಸಲ ನೋಡಿ.

ಕೊನೆಗೆ ಸಿಹಿ ವೈನು. ಸುಲಾದ ಲೇಟ್ ಹಾರ್ವೆಸ್ಟ್ ಶೆನಿನ್ ಬ್ಲಾಂಕ್ 375 ಎಂಎಲ್‌ನ ಸಣ್ಣ ಬಾಟಲಿಯಲ್ಲಿ ಬರುತ್ತದೆ. ದ್ರಾಕ್ಷಿಯನ್ನು ಬಳ್ಳಿಯಲ್ಲೇ ತಡವಾಗಿ ಬಿಟ್ಟು ಸಕ್ಕರೆ ಗಟ್ಟಿಯಾದ ಮೇಲೆ ಕೊಯ್ದದ್ದು. ಜೇನು, ಮಾವಿನಹಣ್ಣು. ಇದನ್ನು ಒಬ್ಬಟ್ಟಿನ ಜೊತೆ ಇಡಬೇಡಿ, ತಿಂಡಿ ವೈನಿಗಿಂತ ಸಿಹಿಯಾದರೆ ವೈನು ಹುಳಿಹುಳಿ ಅನ್ನಿಸುತ್ತದೆ. ಉಪ್ಪು ಹಾಕಿ ಹುರಿದ ಗೇರುಬೀಜ ಇಡಿ. ಉಪ್ಪು ಸಿಹಿ ಜೋಡಿ ಅಷ್ಟು ಹಿತ.

ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯ ಬಗ್ಗೆಯೂ ಹೇಳಲೇಬೇಕು. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ಕೋಲಾರದ ಕಡೆ ಬೆಳೆಯುವ ದಪ್ಪ ಸಿಪ್ಪೆಯ ಕಪ್ಪು ದ್ರಾಕ್ಷಿ, 2013ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಯೂರೋಪಿನ ವೈನು ದ್ರಾಕ್ಷಿಗಳ ಜಾತಿಯದಲ್ಲ, ಅಮೆರಿಕದ ಲಾಬ್ರುಸ್ಕಾ ಜಾತಿಯ ನಂಟು ಇದಕ್ಕೆ. ಹಾಗಾಗಿ ಜ್ಯೂಸಿನಂಥ ಒಂದು ಜೋರು ಘಮ ಬಂದೇ ಬರುತ್ತದೆ. ಒಣ ವೈನಿಗೆ ಆ ಘಮ ಒಗ್ಗುವುದಿಲ್ಲ ನಿಜ. ಆದರೆ ಕ್ರಿಸ್‌ಮಸ್ ಹೊತ್ತಿಗೆ ಮಂಗಳೂರಿನ ಗೆಳೆಯರ ಮನೆಯಲ್ಲಿ ಈ ಕಪ್ಪು ದ್ರಾಕ್ಷಿ, ಸಕ್ಕರೆ, ಚಕ್ಕೆ ಲವಂಗ ಹಾಕಿ ಭರಣಿಯಲ್ಲಿ ಇಟ್ಟು ಮಾಡಿದ್ದನ್ನು ಕುಸ್ವಾರ್ ಅನ್ನುವ ಹಬ್ಬದ ತಿಂಡಿಗಳ ತಟ್ಟೆಯ ಜೊತೆ ಕೊಟ್ಟರೆ, ಅದನ್ನು ನಾನು ಯಾವ ಹೆಸರಾಂತ ಪೋರ್ಟ್ ವೈನಿಗೂ ಬದಲಿಸುವುದಿಲ್ಲ. ಈ ವರ್ಷ ಕುಡಿದದ್ದು ಚಳಿಗೆ ಬೆಚ್ಚಗೆ, ಗಂಟಲಿಗೆ ನುಣ್ಣಗೆ ಇತ್ತು. ಅಜ್ಜಿಯ ಕಾಲದ ಅಳತೆ ಅಂತೆ. ಅಂಥದ್ದನ್ನು ಕೀಳಾಗಿ ನೋಡುವವರ ಜೊತೆ ನಾನು ವಾದ ಮಾಡುತ್ತೇನೆ.

ಇಷ್ಟು ಹೊಗಳಿದ ಮೇಲೆ ಒಂದು ದೂರು. ಅಂಗಡಿಗಳಲ್ಲಿ ವೈನು ಇಡುವ ರೀತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಈಚೆಗೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ತಂದ ಬಿಳಿ ವೈನು ತೆರೆದರೆ ಕಂದು ಬಣ್ಣ, ಬೆಂದ ಸೇಬಿನ ವಾಸನೆ. ರಸ್ತೆ ಕಡೆಯ ಗಾಜಿನ ಹಿಂದೆ ಮಧ್ಯಾಹ್ನದ ಬಿಸಿಲು ಬೀಳುವಲ್ಲಿ ಜೋಡಿಸಿಟ್ಟಿದ್ದ ಬಾಟಲಿ ಅದು. ವಾಪಸ್ ತಗೊಂಡು ಹೋದರೆ ತೆರೆದದ್ದು ತಗೊಳ್ಳಲ್ಲ ಸರ್ ಅಂದರು. ವೈನು ಮಾಡಿದವರದ್ದು ಇದರಲ್ಲಿ ಏನೂ ತಪ್ಪಿಲ್ಲ. ವರ್ಷವಿಡೀ ದುಡಿದು ಬೆಳೆದು ಮಾಡಿದ್ದನ್ನು ಕೊನೆಯ ಹತ್ತು ಅಡಿಯಲ್ಲಿ ಹಾಳು ಮಾಡುವುದು ಅನ್ಯಾಯ ಅಲ್ವಾ? ಹಾಗಾಗಿ ಕೊಳ್ಳುವಾಗ ಬಾಟಲಿ ಎಲ್ಲಿಟ್ಟಿದ್ದಾರೆ ನೋಡಿ. ಕಾರ್ಕ್ ಮೇಲೆದ್ದಿದ್ದರೆ, ಕುತ್ತಿಗೆ ಹತ್ತಿರ ಅಂಟಂಟು ಇದ್ದರೆ ಬೇಡ ಅನ್ನಿ. ಕೊಯ್ಲಿನ ವರ್ಷ ಓದಿ, ನಮ್ಮ ದೇಶದ ಬಿಳಿ ವೈನು ಎರಡು ವರ್ಷದೊಳಗಿದ್ದರೆ ಒಳ್ಳೆಯದು. ಎಸಿ ಇರುವ, ಬೇಗ ಖರ್ಚಾಗುವ ಅಂಗಡಿಗೆ ಹತ್ತು ರೂಪಾಯಿ ಆಟೋ ಜಾಸ್ತಿಯಾದರೂ ಹೋಗಿ.

ಹೊರದೇಶದ ವೈನಿನ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಆಸ್ಟ್ರೇಲಿಯಾ ಜೊತೆಗಿನ ನಮ್ಮ ದೇಶದ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್‌ನಲ್ಲಿ ಜಾರಿಯಾದಾಗ, 5 ಡಾಲರಿಗಿಂತ ಮೇಲಿನ ಬಾಟಲಿಗೆ 150% ಇದ್ದ ಆಮದು ಸುಂಕ 100%ಕ್ಕೆ, 15 ಡಾಲರಿಗಿಂತ ಮೇಲಿನದ್ದಕ್ಕೆ 75%ಕ್ಕೆ ಇಳಿಯಿತು. ಆದರೂ ಅದೇ ದುಡ್ಡಿಗೆ ಇಲ್ಲಿನ ಒಳ್ಳೆಯ ರಿಸರ್ವ್ ವೈನು ಬರುತ್ತದೆ. ನನ್ನ ಆಯ್ಕೆ ಸದ್ಯಕ್ಕೆ ಇಲ್ಲಿನದ್ದೇ.

ಮತ್ತೆ ತಣ್ಣಗೆ ಮಾಡುವ ವಿಷಯ. ಕೆಂಪು ವೈನನ್ನು ರೂಮಿನ ಬಿಸಿಯಲ್ಲೇ ಕುಡಿಯಬೇಕು ಅನ್ನುವ ಮಾತು ಚಳಿ ದೇಶದ ಹಳೇ ಮನೆಗಳಿಗೆ ಸರಿ, 16ರಿಂದ 18 ಡಿಗ್ರಿ ಅಂತ ಅದರ ಲೆಕ್ಕ. ರಾಯಚೂರು, ಕಲಬುರಗಿಯ ಏಪ್ರಿಲ್‌ಗೆ ಅದು ಅನ್ವಯಿಸುವುದಿಲ್ಲ, ಬೆಂಗಳೂರಿಗೂ ಇಲ್ಲ. ಮೂವತ್ತು ಡಿಗ್ರಿಯಲ್ಲಿ ಕೆಂಪು ವೈನು ಕುಡಿದರೆ ಹಣ್ಣೆಲ್ಲ ಮಾಯವಾಗಿ ಆಲ್ಕೋಹಾಲು ಮಾತ್ರ ಮೂಗಿಗೆ ಹೊಡೆಯುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ಫ್ರಿಜ್ಜಿನಲ್ಲಿಡಿ. ಜಗ್ಗಿಗೆ ಸುರಿಯುವುದಿದ್ದರೆ ಮೊದಲು ಇಷ್ಟು ತಣ್ಣಗೆ ಮಾಡಿಕೊಂಡು ಆಮೇಲೆ ಸುರಿಯಿರಿ. ಬಿಳಿಗೆ ಎರಡು ಮೂರು ಗಂಟೆ ಬೇಕು, ಗುಳ್ಳೆಯದಕ್ಕೆ ಇನ್ನೂ ಜಾಸ್ತಿ. ಐಸ್ ಹಾಕಬೇಡಿ, ನೀರಾಗುತ್ತದೆ. ಉಳಿದದ್ದಕ್ಕೆ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ಏನೂ ಆಗುವುದಿಲ್ಲ, ಒಂದೇ ರಾತ್ರಿ ಮುಗಿಸಬೇಕಾಗಿಲ್ಲ.

ಮೊದಲ ಸಲ ತರುವವರಿಗೆ ನಾನು ಹೇಳುವುದು ಶೆನಿನ್ ಬ್ಲಾಂಕ್, ಜೊತೆಗೆ ಮನೆಯಲ್ಲಿ ಏನು ಖಾರದ್ದು ಮಾಡುತ್ತೀರೋ ಅದು. ಕೆಂಪೇ ಬೇಕು ಅನ್ನುವವರು ಲಾ ರಿಸರ್ವ್ ತನ್ನಿ, ನಾಟಿಕೋಳಿ ಸಾರು ಮಾಡುವ ಭಾನುವಾರ ನೋಡಿಕೊಂಡು, ಹಸಿಮೆಣಸು ಕಡಿಮೆ ಹಾಕಿಸಿ. ಸಾಂಜೊವೇಸೆ ಎಲ್ಲಿ ಸುಲಭವಾಗಿ ಸಿಗುತ್ತದೆ ಅಂತ ಹುಬ್ಬಳ್ಳಿ, ಮೈಸೂರು, ಮಂಗಳೂರಿನವರು ತಿಳಿಸಿದರೆ ಬಹಳ ಉಪಕಾರ, ನನ್ನ ಹತ್ತಿರ ಈಗ ಒಂದೂ ಉಳಿದಿಲ್ಲ.